ರಿಂಗಿನ ಲಾರಿಯೂ ತಮ್ಮನ ಕಾಲೂ

ಡಾಕ್ಟರು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ರೋಗಿಗಳನ್ನು ನಾನು ಎಂದೂ ನಂಬಿದವಳಲ್ಲ. ವಾದ ಮಾಡುವವರು ಪರವಾಗಿಲ್ಲ, ಮನೆಗೆ ಹೋಗಿ ಅರ್ಧವನ್ನಾದರೂ ಪಾಲಿಸುತ್ತಾರೆ. ತಲೆಯಾಡಿಸುವವರು ಆಸ್ಪತ್ರೆಯ ಗೇಟು ದಾಟುವ ಮೊದಲೇ ಬೀಡಿ ಹಚ್ಚುತ್ತಾರೆ. ಸರ್ಕಾರಿ ಆಸ್ಪತ್ರೆಯ ವಾರ್ಡುಗಳಲ್ಲಿ ನರ್ಸಾಗಿ ದುಡಿದು ನಿವೃತ್ತಳಾದ ನನಗೆ ಮನುಷ್ಯರ ಬಗ್ಗೆ ಖಚಿತವಾಗಿ ಗೊತ್ತಿರುವುದು ಇಷ್ಟೇ. ಆದ್ದರಿಂದ, "ಇನ್ನು ಮರ ಹತ್ತುವ ಹಾಗಿಲ್ಲ" ಎಂದು ಮೂಳೆ ಡಾಕ್ಟರು ಹೇಳಿದಾಗ ನನ್ನ ತಮ್ಮ ಒಂದೇ ಒಂದು ಮಾತಾಡದೆ ಮೆತ್ತಗೆ ತಲೆಯಾಡಿಸಿದ್ದನ್ನು ಕಂಡು, ಇವನನ್ನು ನಾನೇ ಕಾಯಬೇಕು ಎಂದುಕೊಂಡೆ.

ತಮ್ಮನ ಕಸುಬು ಮರದ್ದು. ಮನೆಯ ಮಾಡಿನ ಮೇಲೆ ವಾಲಿದ ತೆಂಗು, ಬಾವಿಗೆ ಎಲೆ ಉದುರಿಸುವ ಹಲಸು, ಕರೆಂಟಿನ ತಂತಿಗೆ ತಾಗುವ ಮಾವಿನ ಕೊಂಬೆ, ಹೀಗೆ ಬೈಂದೂರಿನಿಂದ ಬ್ರಹ್ಮಾವರದ ತನಕ ಯಾರಿಗೆ ಯಾವ ಮರ ತಲೆನೋವು ಕೊಟ್ಟರೂ ಫೋನು ಬರುವುದು ಅವನಿಗೆ. ಕಡಿಯುವುದಕ್ಕಿಂತ ಸವರುವುದೇ ಹೆಚ್ಚು. ಸವರಿದ ಮರ ಮುಂದಿನ ವರ್ಷ ಹೇಗೆ ಚಿಗುರಿದೆ ಎಂದು ನೋಡಲು ಕರೆಯದಿದ್ದರೂ ಹೋಗುತ್ತಾನೆ. ಜೊತೆಗೆ ಇಬ್ಬರು ಕೆಲಸದವರಿದ್ದಾರೆ. ಒಬ್ಬ ಯಂತ್ರದ ಗರಗಸದವನು, ಇನ್ನೊಬ್ಬ ಡ್ರೈವರು. ಇಬ್ಬರಿಗೂ ಹೊಟ್ಟೆ ಮುಂದೆ ಬಂದಿದೆ, ಇಬ್ಬರೂ ನೆಲದ ಮೇಲಿನ ಜನ. ಹತ್ತುವವನು ಮೊದಲಿನಿಂದಲೂ ತಮ್ಮನೊಬ್ಬನೇ.

ಕಳೆದ ಮಳೆಗಾಲದಲ್ಲಿ ಪಾಚಿ ಹಿಡಿದ ಮಾವಿನ ಕೊಂಬೆಯಿಂದ ಜಾರಿ ಬಿದ್ದ. ತೊಡೆಯ ಮೂಳೆ ಮುರಿಯಿತು. ಒಳಗೆ ಸ್ಟೀಲಿನ ರಾಡು ಹಾಕಿ ಕೂರಿಸಿದರು. ದಾಖಲಾದ ದಿನ ಅವನ ಮೈಮೇಲಿನ ಸಾಮಾನನ್ನೆಲ್ಲ ನರ್ಸ್ ನನ್ನ ಕೈಗೆ ಕೊಟ್ಟಳು. ಕೆಸರಾದ ಲುಂಗಿ, ಫೋನು, ಮತ್ತು ತಳೆ. ತಳೆ ಎಂದರೆ ತೆಂಗಿನ ಮರ ಹತ್ತುವಾಗ ಎರಡು ಪಾದಗಳನ್ನೂ ಸೇರಿಸಿ ಸಿಕ್ಕಿಸಿಕೊಳ್ಳುವ ಹಗ್ಗದ ಬಳೆ. ಲುಂಗಿಯನ್ನು ಒಗೆದು ಕೊಟ್ಟೆ, ಫೋನನ್ನು ಚಾರ್ಜು ಮಾಡಿ ಕೊಟ್ಟೆ. ತಳೆಯನ್ನು ಮಾತ್ರ ನನ್ನ ಕಪಾಟಿನಲ್ಲಿ ಸೀರೆಗಳ ಹಿಂದೆ ಇಟ್ಟು ಬೀಗ ಹಾಕಿದೆ.

ಕೋಟೇಶ್ವರದಲ್ಲಿ ನಮ್ಮ ಎರಡು ಮನೆಗಳೂ ಒಂದೇ ಪಾಗಾರದ ಒಳಗಿವೆ. ನನ್ನದು ರಸ್ತೆಯ ಬದಿಗೆ, ಅವನದು ಹಿಂದೆ. ಅವನು ಎಲ್ಲಿಗೆ ಹೋಗುವುದಿದ್ದರೂ ನನ್ನ ಜಗಲಿಯ ಎದುರೇ ಹಾದುಹೋಗಬೇಕು. ಕೋಲು ಹಿಡಿದು ನಡೆಯುವಷ್ಟಾದಾಗ ಮೊದಲ ಬಾರಿ ಕೇಳಿದ.

"ಅಕ್ಕ, ಆ ತಳೆ ಎಲ್ಲಿತ್ತ್?"

"ಎಂತಕ್ಕೆ?"

"ಸುಮ್ನೆ. ಹೆಗ್ಗಣ ಕಡಿದ್ರೆ ಹಾಳಾತ್ ಅಂದೇಳಿ."

"ನನ್ನ ಕಪಾಟಿಗೆ ಹೆಗ್ಗಣ ಬತ್ತಿಲ್ಲೆ."

ಕೋಲು ಬಿಟ್ಟು ನಡೆಯತೊಡಗಿದಾಗ ಮತ್ತೆ ಕೇಳಿದ. ಆಮೇಲೆ ಕೇಳುವುದನ್ನು ಬಿಟ್ಟು ಮರಗಳನ್ನು ನೋಡುತ್ತ ಕೂರತೊಡಗಿದ. ಅದರಿಂದ ನನಗೆ ಇನ್ನೂ ಹೆದರಿಕೆಯಾಯಿತು. ಕೆಲಸ ಬಿಟ್ಟು ಮನೆಯಲ್ಲಿ ಕೂತುಕೋ ಎಂದು ಹೇಳುವ ಪೈಕಿಯವಳು ನಾನಲ್ಲ. ದುಡಿಯುವ ಗಂಡಸರನ್ನು ಕುರ್ಚಿಯಲ್ಲಿ ಕೂರಿಸಿದರೆ ಏನಾಗುತ್ತದೆಂದು ವಾರ್ಡಿನಲ್ಲಿ ಬೇಕಾದಷ್ಟು ಕಂಡಿದ್ದೇನೆ. ಆದರೆ ಇನ್ನೊಮ್ಮೆ ಬಿದ್ದರೆ ಈ ಸಲ ರಾಡು ಹಾಕುವುದಕ್ಕೂ ಮೂಳೆ ಉಳಿಯುವುದಿಲ್ಲ. ಹತ್ತದೆ ಮರದ ಕೆಲಸ ಮಾಡುವ ದಾರಿ ಬೇಕಿತ್ತು.

ಒಂದು ಬೆಳಿಗ್ಗೆ, ಅವನ ಕಾಲಿನ ವ್ಯಾಯಾಮ ಮುಗಿಸಿ, ಹಾಗೇ ಗೋಡೆಗೆ ಒರಗಿಸಿ ಕೂರಿಸಿ ಹೇಳಿದೆ. "ಒಂದ್ ಕ್ರೇನ್ ಲಾರಿ ತಕಂಬ."

ತಮ್ಮನ ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು. "ಹೊಸ್ತ್ ತಕಂಡ್ರೆ ಈ ಮನಿ ಮಾರ್ಬೇಕಾತ್. ಹಳೇದ್ ಕಾಣಿ ಅತ್ತಿಗೆ."

"ಹಳೇದೇ ಕಾಂಬ."

ತಮ್ಮ ಮಾಡಿನ ಕಡೆ ನೋಡಿದ. "ಕ್ರೇನಿಗೆ ಮರದ್ ವಿಷ್ಯ ಎಂತ ಗೊತ್ತಿತ್ತ್?"

"ನಿಂಗೆ ಗೊತ್ತಿತ್ತಲೆ. ನೀನ್ ಕೆಳ್ಗೆ ನಿಂತ್ಕಂಡ್ ಅದಕ್ಕೆ ಹೇಳ್."

ಅವನು ತಲೆಯಾಡಿಸಿದ. ಮತ್ತದೇ ತಲೆಯಾಟ.

ಗಡುವು ಇರಲೇಬೇಕಾಗಿತ್ತು. ಅದನ್ನು ಕೆರಾಡಿಯ ಒಂದು ಮನೆ ಕೊಟ್ಟಿತು. ಹಾಲಿನ ಡೈರಿಗೆ ಹಾಲು ಹಾಕುವ ಮನೆ ಅದು. ಅಲ್ಲಿಯ ಯಜಮಾನಿತಿಯ ದನದ ಹಟ್ಟಿಯ ಮೇಲೆ ಒಂದು ತೆಂಗಿನ ಮರ ವಾಲಿತ್ತು, ಬುಡದ ಒಂದು ಬದಿಯ ಬೇರು ಮಣ್ಣಿನಿಂದ ಎದ್ದಿತ್ತು. ಮುಂದಿನ ವರ್ಷದ ಮಳೆ ಹಿಡಿಯುವ ಮೊದಲು ತೆಗೆದುಕೊಡುತ್ತೇನೆ ಎಂದು ತಮ್ಮ ಬೀಳುವುದಕ್ಕೆ ಮುಂಚೆಯೇ ಮಾತು ಕೊಟ್ಟಿದ್ದ. ಅವನು ಹಾಸಿಗೆಯಲ್ಲಿದ್ದಾಗಲೂ ಆಕೆ ಫೋನು ಮಾಡಿ ಮೊದಲು ಕಾಲು ಹೇಗಿದೆ ಎಂದು ಕೇಳಿ, ಆಮೇಲೆ ಮರ ಹೇಗಿದೆ ಎಂದು ತಾನೇ ಹೇಳುತ್ತಿದ್ದಳು. ಮಳೆಯೊಳಗೆ ಲಾರಿ ಸಿಗದಿದ್ದರೆ ತಮ್ಮ ಏನು ಮಾಡುತ್ತಾನೆಂದು ನನಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಹಾಗಾಗಿ ನನಗೆ ಅವಸರ, ಅವನಿಗೆ ಇಲ್ಲ.

ಆ ಮನೆಗೆ ಹೋಗುವ ಓಣಿಯ ಎರಡೂ ಬದಿಗೆ ಕೆಂಪು ಕಲ್ಲಿನ ಪಾಗಾರ. ನಾನು ಡ್ರೈವರನ್ನು ಕರೆದುಕೊಂಡು ಹೋಗಿ, ಓಣಿಯ ಅತಿ ಇಕ್ಕಟ್ಟಾದ ಜಾಗದಲ್ಲಿ ಒಂದು ಹಗ್ಗ ಅಡ್ಡ ಹಿಡಿದು, ಅಗಲಕ್ಕೆ ಸರಿಯಾಗಿ ಎರಡು ತುದಿಗೂ ಗಂಟು ಹಾಕಿ ಇಟ್ಟುಕೊಂಡೆ. ಯಾವ ಲಾರಿ ನೋಡಲು ಹೋದರೂ ಮೊದಲು ಆ ಗಂಟಿನ ಹಗ್ಗವನ್ನು ಅದರ ಮೂತಿಗೆ ಅಡ್ಡ ಹಿಡಿಯುವುದು ಎಂದು ನಿಯಮ ಮಾಡಿದೆ.

ಮೊದಲು ಶಿರೂರಿಗೆ ಹೋದೆವು. ಮೀನಿನ ದಕ್ಕೆಯಲ್ಲಿ ದೋಣಿಗಳ ಎಂಜಿನ್ ಎತ್ತಿ ಇಳಿಸುತ್ತಿದ್ದ ಲಾರಿ. ಹೊಸ ನೀಲಿ ಬಣ್ಣ, ಮುಂದೆ ಹೂವಿನ ಚಿತ್ರ. ಹಗ್ಗದೊಳಗೆ ಹಿಡಿಯಿತು. ತಮ್ಮ ಕೆಟ್ಟ ಕಾಲನ್ನು ಚಾಚಿಕೊಂಡು ಲಾರಿಯ ಅಡಿಗೆ ತೂರಿ, ಉಗುರಿನಿಂದ ಬಣ್ಣ ಕೆರೆದು, ಬಣ್ಣದ ಜೊತೆ ಕಬ್ಬಿಣವೂ ಚಕ್ಕೆಯಾಗಿ ಬಂದದ್ದನ್ನು ತಂದು ನನ್ನ ಅಂಗೈಯಲ್ಲಿಟ್ಟ.

"ಉಪ್ಪ್ ತಿಂದಿತ್ ಅಕ್ಕ. ಇದ್ ಆಪ್ದಲ್ಲ."

ಇದು ಸರಿಯಾದ ಮಾತು, ಒಪ್ಪಿದೆ. ಆದರೆ ಅವನು ಅಲ್ಲಿಗೇ ನಿಲ್ಲಲಿಲ್ಲ. ಹಾರ್ನ್ ಕುರಿ ಕೂಗಿದ ಹಾಗಿದೆ ಎಂದ. ಡ್ರೈವರನ ಸೀಟು ಎಡಕ್ಕೆ ವಾಲಿದೆ ಎಂದ. ಹೂವಿನ ಚಿತ್ರ ಯಾವ ಹೂವಿನದೆಂದೇ ಗೊತ್ತಾಗುವುದಿಲ್ಲ ಎಂದ. ವಾಪಸು ಬರುವಾಗ ಬಸ್ಸಿನಲ್ಲಿ ತುಂಬಾ ಲವಲವಿಕೆಯಿಂದ ಇದ್ದ. ಸಮುದ್ರ ಕಾಣುವ ಕಡೆ ಕೂತು ಶೇಂಗಾ ತಿಂದ.

ಎರಡನೆಯದು ಕುಂದಾಪುರದಲ್ಲಿತ್ತು. ಅದು ಲಾರಿಯಲ್ಲ, ಹೈಡ್ರಾ ಎನ್ನುವ ಹಳದಿ ಕ್ರೇನು, ಆನೆಯ ನಡಿಗೆಯದ್ದು. ಬೈಂದೂರಿಗೆ ಬೆಳಿಗ್ಗೆ ಹೊರಟರೆ ಮರ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಬಹುದಿತ್ತು. ತಮ್ಮ ಅದನ್ನು ಬಹಳ ಮೆಚ್ಚಿದ. ಕೊಳ್ಳಲು ಆಗದ್ದನ್ನು ಮೆಚ್ಚುವುದು ಸುಲಭ. ಆಗ ನನಗೆ ಇವನ ಆಟ ಅರ್ಥವಾಯಿತು. ಇವನು ಲಾರಿ ಹುಡುಕುತ್ತಿಲ್ಲ, ಮಳೆಗಾಲವನ್ನು ಕಾಯುತ್ತಿದ್ದಾನೆ.

ಬ್ರಹ್ಮಾವರದ ಲಾರಿಯ ಸುದ್ದಿ ತಂದವನು ಗರಗಸದವನು. ಬಾವಿಗಳಿಗೆ ಸಿಮೆಂಟಿನ ರಿಂಗು ಮಾಡಿ ಇಳಿಸಿಕೊಡುವವರೊಬ್ಬರು ಇನ್ನೊಂದು ದೊಡ್ಡ ಲಾರಿ ತೆಗೆದುಕೊಂಡು ಹಳೆಯದನ್ನು ಮಾರುತ್ತಿದ್ದರು. ರಿಂಗುಗಳನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋಗಿ, ತನ್ನದೇ ಕ್ರೇನಿನಿಂದ ಎತ್ತಿ, ಬಾವಿಯ ಬಾಯಿಗೆ ನೇರ ಹಿಡಿದು ಇಳಿಸುವ ಲಾರಿ. ಸಮುದ್ರದ ಉಪ್ಪು ಕಾಣದ್ದು, ಹಳ್ಳಿಯ ಓಣಿಗಳನ್ನೇ ಕಂಡದ್ದು. ನನಗೆ ಕೇಳಿಯೇ ಸಮಾಧಾನವಾಯಿತು. ಎಂಜಿನನ್ನು ಮೊದಲೇ ಬಿಸಿ ಮಾಡಿ ಇಡಬೇಡಿ, ತಣ್ಣಗಿರುವಾಗ ಚಾಲೂ ಮಾಡಿ ನೋಡಬೇಕು ಎಂದು ಹಿಂದಿನ ದಿನವೇ ಫೋನಿನಲ್ಲಿ ಹೇಳಿದೆ.

ಬೆಳಿಗ್ಗೆಯೇ ನಾವು ಮೂವರು, ನಾನು, ತಮ್ಮ, ಡ್ರೈವರು, ಅಲ್ಲಿಗೆ ಮುಟ್ಟಿದೆವು. ಅಂಗಳದ ತುಂಬ ರಿಂಗುಗಳು ಒಂದರ ಮೇಲೊಂದು ನಿಂತಿದ್ದವು, ಒಂದರೊಳಗೆ ಕೋಳಿ ಮೊಟ್ಟೆ ಇಟ್ಟಿತ್ತು. ಲಾರಿಯ ಮಾಲೀಕರು ದುಂಡಗಿನ, ನಗುಮುಖದ ಮನುಷ್ಯ. ಹೊಸ ಚಪ್ಪಲಿ ಹಾಕಿದ್ದರು. ನನ್ನನ್ನು ಕಂಡವರೇ ಕೈ ಮುಗಿದರು.

"ಸಿಸ್ಟರಮ್ಮ, ಗುರ್ತ ಸಿಕ್ಕಿತಾ? ಸಣ್ಣ ಪ್ರಾಯದಗೆ ನಿಮ್ಮ ವಾರ್ಡಿನಗೆ ಮಲ್ಗಿದವ ನಾನ್. ಎಷ್ಟ್ ಸೂಜಿ ಚುಚ್ಚಿದ್ರಿ ಮಾರಾಯ್ರೆ."

"ಮುಖದ ಗುರ್ತ ಸಿಗುದಿಲ್ಲೆ," ಎಂದೆ. "ತಿರ್ಗಿ ನಿಂತ್ರೆ ಸಿಕ್ಕೀತೇನೊ."

ಡ್ರೈವರು ಬೇರೆ ಕಡೆ ಮುಖ ಮಾಡಿ ಕೆಮ್ಮಿದ. ಮಾಲೀಕರು ಹೊಟ್ಟೆ ಕುಲುಕಿಸಿ ನಕ್ಕರು. ನಾನು ಆ ಹೊತ್ತಿಗೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟಿದ್ದೆ. ಬೆಚ್ಚಗಿತ್ತು.

"ಇದಕ್ಕೆ ಜ್ವರ ಇತ್ತಲೆ."

"ಬೆಳಿಗ್ಗೆ ಒಂದ್ ಚೂರ್ ಹಿಂದ್ ಮುಂದ್ ಮಾಡ್ದೆ ಅಷ್ಟೆ ಸಿಸ್ಟರಮ್ಮ. ಕೋಳಿ ಅಡಿಗ್ ಹೋಯಿತ್."

"ಅಡ್ಡಿಲ್ಲೆ. ಜ್ವರ ಇಳಿವಲ್ಲಿವರೆಗೆ ಕಾಂಬ."

ಕಾಯುವ ಹೊತ್ತು ದಂಡವಾಗಬಾರದು. ಕ್ರೇನಿನ ಕೈಯಿಂದ ಒಂದು ರಿಂಗನ್ನು ನೆಲದಿಂದ ಸ್ವಲ್ಪವೇ ಎತ್ತಿಸಿ, ಎಂಜಿನ್ ಬಂದ್ ಮಾಡಿಸಿದೆ. ಎಣ್ಣೆಯ ಒತ್ತಡ ಎಲ್ಲಾದರೂ ಸೋರುತ್ತಿದ್ದರೆ ರಿಂಗು ತಾನಾಗಿಯೇ ಮೆಲ್ಲಗೆ ಇಳಿಯುತ್ತದೆ ಎಂದು ಡ್ರೈವರು ದಾರಿಯಲ್ಲಿ ಹೇಳಿದ್ದ. ಡ್ರಿಪ್ ಬಾಟಲಿ ನೋಡಿ ಬೆಳೆದ ನನಗೆ ಇದು ಕಷ್ಟದ ವಿಷಯವೇ ಅಲ್ಲ. ಅಡಿಗೆ ಗುರುತಿಗೆ ಏನಾದರೂ ಇಡಬೇಕಲ್ಲ ಎಂದು ನಾನು ಸುತ್ತ ನೋಡುತ್ತಿದ್ದರೆ, ಮಾಲೀಕರು ತಮ್ಮ ಹೊಸ ಚಪ್ಪಲಿಗಳನ್ನೇ ಕಳಚಿ ರಿಂಗಿನ ಅಂಚಿನ ಅಡಿಗೆ ಸರಿಸಿದರು.

"ನಂಬ್ಕಿ ಮೇಲೆ ಇಟ್ಟಿದ್ದೆ. ಮಗ್ಳ್ ಮುಂಬೈಯಿಂದ ತಂದದ್ದ್. ಕಾಣಿ."

ಜಗಲಿಯಲ್ಲಿ ಕೂತೆವು. ಅವರ ಮನೆಯಾಕೆ ಚಹಾವನ್ನೂ ಗೋಳಿಬಜೆಯನ್ನೂ ತಂದಿಟ್ಟರು. ಮಾಲೀಕರು ಬರಿಗಾಲಲ್ಲಿ ಕೂತು, ಯಾವ ಊರಿನ ಬಾವಿಯಲ್ಲಿ ಎಂಥ ನೀರು ಎಂದು ಹೇಳುತ್ತಿದ್ದರು. ಬಾಯಿ ಬಾವಿಯ ಬಗ್ಗೆ, ಕಣ್ಣು ಚಪ್ಪಲಿಯ ಮೇಲೆ. ತಮ್ಮ ಮಾತ್ರ ಬಜೆ ಕೈಯಲ್ಲಿ ಹಿಡಿದು ಎದ್ದುಹೋಗಿ ರಿಂಗಿಗೆ ಕಟ್ಟಿದ ಅಗಲದ ಬೆಲ್ಟನ್ನು ಮುಟ್ಟಿ ನೋಡುತ್ತಿದ್ದ. ಕ್ರೇನಿನ ಕೊಕ್ಕೆಗೆ ಸಿಕ್ಕಿಸಿ ಭಾರ ಎತ್ತುವ ಪಟ್ಟಿ ಅದು. ಅದನ್ನು ಹಿಡಿದು, ಮೇಲಿನ ಕೊಕ್ಕೆ ನೋಡಿ, ಮತ್ತೆ ಅಂಗಳದ ತೆಂಗಿನ ಮರ ನೋಡಿ, ಒಬ್ಬನೇ ನಕ್ಕ. ಅದನ್ನು ನಾನು ಕಂಡೆ. ಏಕೆಂದು ಆಗ ತಿಳಿಯಲಿಲ್ಲ.

ಬಾನೆಟ್ಟು ತಣ್ಣಗಾಗುವ ತನಕವೂ ರಿಂಗು ಅಲ್ಲಾಡದೆ ನಿಂತಿತು. ಮಾಲೀಕರು ತಕ್ಷಣ ಚಪ್ಪಲಿ ಎಳೆದು ಹಾಕಿಕೊಂಡರು. ಎಂಜಿನ್ ಒಂದೇ ಕೀಲಿಗೆ ಚಾಲೂ ಆಯಿತು. ಲಾರಿ ನೆಲಕ್ಕೆ ಊರುವ ನಾಲ್ಕು ಕಾಲುಗಳಲ್ಲಿ ಒಂದರ ಎಣ್ಣೆ ಸೋರುತ್ತಿತ್ತು. ಅದನ್ನು ರಿಪೇರಿ ಮಾಡಿಸಿಯೇ ಕೊಡಬೇಕು ಎಂದೆ, ಒಪ್ಪಿದರು. ನನ್ನ ಗಂಟಿನ ಹಗ್ಗದೊಳಗೆ ಲಾರಿಯ ಮೂತಿ ಹಿಡಿಯಿತು, ಎರಡೂ ಬದಿಗೆ ಕೈ ಹೋಗುವಷ್ಟು ಜಾಗ ಉಳಿಯಿತು.

ಉಳಿದದ್ದು ಒಂದೇ. ಬಾವಿಗೆ ಇಳಿಸುವ ಕ್ರೇನು ಮಾಡಿನ ಮೇಲಿಂದ ಎತ್ತೀತೇ?

"ನಿಮ್ಮ ಮನೆ ಮೇಲಿಂದ ಒಂದ್ ಸಲ ತೆಗ್ದ್ ತೋರ್ಸಿ," ಎಂದೆ.

ರಿಂಗನ್ನು ಬಿಚ್ಚಿ, ಕ್ರೇನಿನ ಕೈಯನ್ನು ಉದ್ದ ಮಾಡಿ, ಬರೀ ಕೊಕ್ಕೆಯನ್ನು ಅವರ ತಾರಸಿಯ ಮೇಲಿಂದ ದಾಟಿಸಿದರು. ಅಷ್ಟರಲ್ಲಿ ಮೇಲಿನಿಂದ ಮನೆಯಾಕೆಯ ಧ್ವನಿ ಬಂತು.

"ಹ್ವಾಯ್, ಹಪ್ಪಳ ಇತ್ತ್ ಇಲ್ಲಿ. ಹಲಸಿನ ಹಪ್ಪಳ. ಆ ಕೊಕ್ಕಿಯಿಂದ ಎಣ್ಣಿ ಬಿತ್ತಂದ್ರೆ ಲಾರಿ ಒಟ್ಟಿಗೆ ನಿಮ್ಮನ್ನೂ ಮಾರ್ತೆ."

"ಬೀಳುದಿಲ್ಲೆ ಮಾರಾಯ್ತಿ. ಸಿಸ್ಟರಮ್ಮ ಪರೀಕ್ಷೆ ಮಾಡ್ತಾ ಇದ್ರ್."

"ಹಾಂಗಾರೆ ಅವ್ರೇ ಬಂದ್ ಇಲ್ಲಿ ಕಾಗೆ ಓಡಿಸ್ಲಿ."

ಎಣ್ಣೆ ಬೀಳಲಿಲ್ಲ. ಹೊರಡುವಾಗ ಆಕೆ ಅದೇ ಹಪ್ಪಳದ ಒಂದು ಕಟ್ಟನ್ನು ನನ್ನ ಚೀಲಕ್ಕೆ ಹಾಕಿದರು, ಎಣ್ಣೆಯ ವಾಸನೆ ಬಂದರೆ ಫೋನು ಮಾಡಿ ಎಂದರು.

ತಮ್ಮ ಏನು ತಪ್ಪು ಹುಡುಕುತ್ತಾನೆ ಎಂದು ನಾನು ಕಾಯುತ್ತಿದ್ದೆ. ಹಾರ್ನ್ ಒತ್ತಲಿಲ್ಲ. ಸೀಟು ನೋಡಲಿಲ್ಲ.

"ಇದೇ ಅಡ್ಡಿಲ್ಲೆ ಅಕ್ಕ," ಎಂದ. "ತಕಂಬ."

ಉಪ್ಪಿಲ್ಲದ ಗಂಜಿಯನ್ನು ಗೊಣಗದೆ ಕುಡಿದ ರೋಗಿಯ ತಲೆದಿಂಬಿನ ಅಡಿಯಲ್ಲಿ ಉಪ್ಪಿನಕಾಯಿಯ ಪೊಟ್ಟಣ ಇರುತ್ತದೆ. ಇದು ನನಗೆ ಗೊತ್ತಿರಬೇಕಿತ್ತು. ಆದರೆ ಅಂದು ನಾನು ಖುಷಿಯಲ್ಲಿದ್ದೆ. ಕಾಗದಪತ್ರಗಳು ತಮ್ಮನ ಹೆಸರಿಗೆ ಬದಲಾದವು. ಕೋಟೇಶ್ವರದ ದೇವಸ್ಥಾನದ ಎದುರು ಲಾರಿ ನಿಲ್ಲಿಸಿ ಪೂಜೆ ಮಾಡಿಸಿ, ನಾಲ್ಕು ಚಕ್ರದ ಅಡಿಗೆ ನಿಂಬೆಹಣ್ಣು ಇಟ್ಟು, ಮನೆಗೆ ತಂದೆವು. ತಮ್ಮನ ಹೆಂಡತಿ ಅದನ್ನು ಒಂದು ಸುತ್ತು ಬಂದು, ಬಾಗಿಲಿನ ಮೇಲೆ ಉಳಿದಿದ್ದ ಬಾವಿಯ ಚಿತ್ರವನ್ನು ತೋರಿಸಿ ನಕ್ಕಳು.

"ಇದನ್ನ್ ಅಳಿಸ್ಬೇಡಿ. ಮರ ಇಲ್ದಿದ್ರೆ ಬಾವಿ ಕೆಲ್ಸಾರೂ ಸಿಕ್ಕೀತ್."

ಕೆರಾಡಿಗೆ ಹೊರಟ ದಿನ ಆಕಾಶದಲ್ಲಿ ಮೋಡ ಕಟ್ಟಲು ಶುರುವಾಗಿತ್ತು, ಮಳೆ ಬಂದಿರಲಿಲ್ಲ. ನನಗೆ ಅಲ್ಲಿ ಕೆಲಸವೇನಿರಲಿಲ್ಲ. ಆದರೂ ಹೋದೆ. ತಮ್ಮನ ಹೆಂಡತಿಯೂ ಎಲ್ಲರ ಊಟದ ಪಾತ್ರೆ ಹಿಡಿದು ಬಂದಳು. ಲಾರಿ ಓಣಿಯೊಳಗೆ ಪಾಗಾರಕ್ಕೆ ತಾಗದೆ ನುಗ್ಗಿತು. ಹಗ್ಗದ ಗಂಟು ಸುಳ್ಳು ಹೇಳಿರಲಿಲ್ಲ. ಅಂಗಳದಲ್ಲಿ ಹಲಗೆಗಳ ಮೇಲೆ ನಾಲ್ಕೂ ಕಾಲು ಊರಿ, ಡ್ರೈವರು ಕ್ರೇನಿನ ಕೈ ಎತ್ತಿದ. ಕೊಕ್ಕೆ ತೆಂಗಿನ ಮರದ ಪಕ್ಕದಲ್ಲೇ ಚಂದಕ್ಕೆ ಜೋತಾಡಿತು. ಹಟ್ಟಿಯಿಂದ ಹಸುಗಳನ್ನು ಹೊರಗೆ ಕಟ್ಟಿದ್ದರು. ಯಜಮಾನಿತಿ ಮೆಟ್ಟಿಲ ಮೇಲೆ ನಿಂತು ಸೆರಗು ಬಾಯಿಗೆ ಹಿಡಿದು ನೋಡುತ್ತಿದ್ದಳು.

ಗರಗಸದವನು ಬೆಲ್ಟನ್ನು ತಂದ. ಮರದ ಹತ್ತಿರ ನಿಂತ. ಮೇಲೆ ನೋಡಿದ. ಆಮೇಲೆ ತಮ್ಮನನ್ನು ನೋಡಿದ.

ನಾನೂ ಮೇಲೆ ನೋಡಿದೆ. ಕೊಕ್ಕೆ ಅಲ್ಲಿತ್ತು, ಮರ ಅಲ್ಲಿತ್ತು. ಬೆಲ್ಟು ಇಲ್ಲಿತ್ತು, ನೆಲದ ಮೇಲೆ. ಕ್ರೇನು ಮರವನ್ನು ಎತ್ತುತ್ತದೆ, ಸರಿ. ಆದರೆ ಮರದ ಅರ್ಧಕ್ಕಿಂತ ಮೇಲೆ ಬೆಲ್ಟು ಕಟ್ಟಬೇಕಲ್ಲ. ಹೋಗಿ ಕಟ್ಟುವವರು ಯಾರು?

ತಮ್ಮ ಆಗಲೇ ಚಪ್ಪಲಿ ಬಿಟ್ಟು ಲುಂಗಿ ಎತ್ತಿ ಕಟ್ಟುತ್ತಿದ್ದ.

"ಎಂತ ಮಾಡ್ತಿದ್ದೆ?"

"ಕಟ್ಟುಕೆ ಯಾರಾರೂ ಹತ್ತುಕೇ ಬೇಕಲೆ ಅಕ್ಕ," ಎಂದ, ಬಹಳ ವಿನಯದಿಂದ. "ಕ್ರೇನಿಗೆ ಕೈ ಇತ್ತ್, ಬೆರಳಿಲ್ಲೆ."

ಬ್ರಹ್ಮಾವರದ ಅಂಗಳದಲ್ಲಿ ಬೆಲ್ಟು ಹಿಡಿದು ನಕ್ಕದ್ದು ಇದಕ್ಕೆ. ಅಂದಿನಿಂದ ಇಂದಿನ ತನಕ ಬಾಯಿ ಬಿಡದೆ ಕೂತಿದ್ದಾನೆ.

"ನಿಂಗೆ ಅಲ್ಲೇ ಗೊತ್ತಿತ್ತಾ?"

"ನೀನ್ ಕೇಳ್ಲಿಲ್ಲಲೆ."

"ತಳೆ ಇಲ್ದೆ ಹ್ಯಾಂಗೆ ಹತ್ತುದ್?"

ಅವನು ಸೊಂಟದಿಂದ ಒಂದು ಹೊಸ ಹಗ್ಗದ ತುಂಡು ತೆಗೆದ. ಆಗಲೇ ಬಳೆಯ ಹಾಗೆ ಸುತ್ತಿ ಇಟ್ಟಿದ್ದ.

ಮೆಟ್ಟಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿಯೊಂದಿತ್ತು. ನಾನು ಅದನ್ನು ಎಳೆದುಕೊಂಡು ಹೋಗಿ, ಮರದ ಬುಡಕ್ಕೆ ಬೆನ್ನು ತಾಗಿಸಿ ಇಟ್ಟು, ಕೂತೆ.

"ಹತ್ತ್," ಎಂದೆ. "ನನ್ನ ತಲೆ ಮೇಲೆ ಕಾಲಿಟ್ಟ್ ಹತ್ತ್."

"ಅಕ್ಕ, ಮಂಡೆ ಸಮ ಇತ್ತಾ ನಿಂಗೆ? ವಾಲಿದ ಮರ ಅದ್."

"ವಾಲಿದ ಮರ ಅಂದೇಳಿ ನಿಂಗೂ ಗೊತ್ತಿತ್ತಲೆ. ರಾಡ್ ಹಾಕಿದ್ ನನ್ನ ಕಾಲಿಗಲ್ಲ."

ಡ್ರೈವರು ಲಾರಿಯಿಂದ ಇಳಿಯಲೋ ಬೇಡವೋ ಎಂದು ಅರ್ಧ ಇಳಿದು ನಿಂತ. ಗರಗಸದವನು ಬೆಲ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಯಜಮಾನಿತಿ ಪಾಪ, ನಡುವೆ ಸಿಕ್ಕಿಕೊಂಡಳು.

"ಅಮ್ಮ, ಅಲ್ಲಿ ಕೂಕಣ್ಬೇಡಿ, ಕಾಯಿ ಬಿದ್ರೆ," ಎಂದವಳು ತಾನೇ ಸುಧಾರಿಸಿಕೊಂಡಳು. "ಇಲ್ಲೆ, ಕಾಯಿ ಇಲ್ಲೆ. ನಿನ್ನೆಯೇ ಕೊಯ್ಸಿದೆ."

ಪಾತ್ರೆ ಹಿಡಿದು ನಿಂತಿದ್ದ ತಮ್ಮನ ಹೆಂಡತಿ ಆಗ ಬಾಯಿ ತೆರೆದಳು. "ಕೊಯ್ದದ್ ಯಾರ್? ಈ ಮರಕ್ಕೆ ಹತ್ತ್ವರ್ ಯಾರೂ ಇಲ್ಲೆ ಅಂದ್ರಲೆ?"

"ಹತ್ತುದೆಂತಕ್ಕೆ, ದೋಟಿ ಇತ್ತಲೆ. ನಮ್ ಭಾವನ ಮನೆದ್. ಅಡಿಕೆ ಕೊಯ್ಯುದ್, ಈಗ ಬಂದಿತ್ತಲೆ, ಹಗೂರದ್ದ್, ಉದ್ದಕ್ಕೆ ಎಳ್ದಷ್ಟೂ ಬತ್ತ್."

ಅದು ಹಟ್ಟಿಯ ಗೋಡೆಗೆ ಒರಗಿಕೊಂಡೇ ಇತ್ತು. ನಮ್ಮ ಕಾಲದ ದೋಟಿ ಎಂದರೆ ಬಿದಿರಿನ ಗಳ, ತುದಿಗೆ ಕತ್ತಿ ಅಥವಾ ಕೊಕ್ಕೆ, ಮನೆಯ ಹೆಂಗಸರು ಮಾವಿನಕಾಯಿ ಕೊಯ್ಯಲು ಬಳಸುವಂಥದ್ದು. ಇದು ಕಪ್ಪಗೆ, ತೆಳ್ಳಗೆ, ಒಂದರೊಳಗೊಂದು ಸೇರುವ ಕೊಳವೆಗಳದ್ದು. ಈಗ ಅಡಿಕೆ ಬೆಳೆಯುವವರ ಮನೆಗಳಲ್ಲೆಲ್ಲ ಇದೆ.

ತಮ್ಮನ ಹೆಂಡತಿ ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟಳು. "ಕಾಯಿ ಇಳ್ಸುಕೆ ಮೇಲೆ ಹೋಪ ದೋಟಿ, ಬೆಲ್ಟ್ ಹತ್ಸುಕೆ ಆತಿಲ್ಯಾ?"

ನಾನು ತಮ್ಮನ ಮುಖ ನೋಡಿದೆ. ಈ ಉಪಾಯ ಅವನಿಗೆ ಹೊಳೆದಿರಲಿಲ್ಲ, ಅದು ನಾಟಕವಾಗಿರಲಿಲ್ಲ. ಮರ ಎಂದರೆ ಹತ್ತುವುದು ಎಂದೇ ಬದುಕಿದವನಿಗೆ ಹೆಂಗಸರ ಮಾವಿನಕಾಯಿಯ ಕೋಲು ಎಲ್ಲಿ ನೆನಪಾಗಬೇಕು?

"ಆಪ್ದಲ್ಲ," ಎಂದ. "ಬೆಲ್ಟ್ ಭಾರ. ದೋಟಿ ಬಗ್ಗತ್ತ್."

"ಬಗ್ಗಲಿ ಕಾಂಬ," ಎಂದೆ ಕುರ್ಚಿಯಿಂದ ಏಳದೆ.

ಗರಗಸದವನು ಬೆಲ್ಟಿನ ಒಂದು ತುದಿಯನ್ನು ಇನ್ನೊಂದರ ಕಣ್ಣಿನೊಳಗೆ ತೂರಿಸಿ ಕಾಂಡದ ಸುತ್ತ ಸಡಿಲವಾದ ಕುಣಿಕೆ ಮಾಡಿದ, ಅದಕ್ಕಾಗಿ ಮಾತ್ರ ನಾನು ಒಂಚೂರು ಮುಂದೆ ಬಾಗಿದೆ. ಯಜಮಾನಿತಿ ದೋಟಿಯ ತುದಿಯ ಕತ್ತಿ ಬಿಚ್ಚಿ ಕೊಕ್ಕೆ ಸಿಕ್ಕಿಸಿಕೊಟ್ಟಳು. ಗರಗಸದವನು ಲಾರಿಯ ಬೆನ್ನಿನ ಮೇಲೆ ನಿಂತು ದೋಟಿಯ ತುದಿಯಿಂದ ಕುಣಿಕೆಯನ್ನು ಮೇಲಕ್ಕೆ ದೂಡಿದ. ಸ್ವಲ್ಪ ಹೋಯಿತು. ಒಂದು ಬದಿ ಎದ್ದು ಇನ್ನೊಂದು ಬದಿ ಜಾರಿತು. ಇಡೀ ಕುಣಿಕೆ ಸರ್ರನೆ ಇಳಿದು ನನ್ನ ಕುರ್ಚಿಯ ಬೆನ್ನಿಗೆ ಬಿತ್ತು. ಮತ್ತೆ ದೂಡಿದ. ಮತ್ತೆ ಬಿತ್ತು. ಮೂರನೆಯ ಸಲ ದೋಟಿಯನ್ನು ಪೊರಕೆ ಹಿಡಿದ ಹಾಗೆ ಹಿಡಿದು ಮರಕ್ಕೆ ಚುಚ್ಚತೊಡಗಿದ.

ತಮ್ಮನಿಗೆ ತಡೆಯಲಾಗಲಿಲ್ಲ. ಮರವನ್ನು ಯಾರಾದರೂ ಒರಟಾಗಿ ಮುಟ್ಟಿದರೆ ಅವನ ಮುಖ ಹೇಗಾಗುತ್ತದೆಂದು ನನಗೆ ಗೊತ್ತು.

"ಹ್ವಾಯ್, ಗೋಡೆಗೆ ಸುಣ್ಣ ಬಳೀತಿದ್ಯಾ? ಹಾಂಗಲ್ಲ ಮಾರಾಯಾ. ಎರಡ್ ದೋಟಿ ಬೇಕ್. ಆಚಿ ಬದಿಯಿಂದ ಒಬ್ಬ, ಈಚಿ ಬದಿಯಿಂದ ಒಬ್ಬ. ತೆಂಗಿನ ಮರಕ್ಕೆ ಗೆರೆ ಇತ್ತ್, ಕಾಂತಿಲ್ಯಾ? ಒಂದೊಂದ್ ಗೆರೆಗೆ ಕೂರ್ಸುದ್. ಕೊಡ್ ಇಲ್ಲಿ."

ಅಡುಗೆಮನೆಯ ಹಿಂದಿನಿಂದ ಬಿದಿರಿನ ದೋಟಿಯೂ ಬಂತು. ಅದರ ತುದಿಗೆ ಇನ್ನೊಂದು ಗಳ ಕಟ್ಟಿ ಉದ್ದ ಮಾಡಿದರು. ತಮ್ಮ ಲಾರಿಯ ಬೆನ್ನಿನ ಮೇಲೆ ನಿಂತ, ಕೆಟ್ಟ ಕಾಲನ್ನು ಪಕ್ಕದ ಹಲಗೆಗೆ ಒತ್ತಿ. ಎದುರು ಬದಿಗೆ, ಹಟ್ಟಿಯ ದಿಬ್ಬದ ಮೇಲೆ, ಅವನ ಹೆಂಡತಿಯನ್ನೇ ನಿಲ್ಲಿಸಿದ. ಮಾವಿನಕಾಯಿ ಕೊಯ್ಯುವುದರಲ್ಲಿ ಅವಳಷ್ಟು ನೇರ ಕೈ ನಮ್ಮ ಕೇರಿಯಲ್ಲಿ ಇನ್ನೊಬ್ಬರಿಗಿಲ್ಲ.

"ಒಂದ್ ಗೆರೆ ನೀನ್. ಹಾಂ. ಈಗ ನಾನ್. ನಿಲ್ಲ್. ಈಗ ನೀನ್."

"ಹೇಳುದ್ ಮೆಲ್ಲ ಹೇಳಿ, ಕಿವಿ ಕೇಂತ್ತ್ ನಂಗೆ."

"ನೀ ಕೈ ನಡ್ಗಿಸ್ಬೇಡ."

"ನಡ್ಗುದ್ ನನ್ನ ಕೈಯಲ್ಲ, ನಿಮ್ಮ ಕಾಲ್."

ಕುಣಿಕೆ ಮೇಲೆ ಹೋಗುತ್ತಿತ್ತು, ಇಬ್ಬರು ಬೈದಾಡಿಕೊಂಡು ಮೆಟ್ಟಿಲು ಹತ್ತಿದ ಹಾಗೆ. ನನ್ನ ಕುತ್ತಿಗೆ ನೋಯುವಷ್ಟು ಮೇಲೆ ಹೋಯಿತು. ಸಾಕು ಎನ್ನುವಲ್ಲಿ ತಮ್ಮ ಕೈ ಎತ್ತಿದ. ಕೆಳಗೆ ಜೋತಾಡುತ್ತಿದ್ದ ಬೆಲ್ಟಿನ ತುದಿಗೆ ಇನ್ನೊಂದು ಬೆಲ್ಟನ್ನು ಜೋಡಿಸಿ, ಡ್ರೈವರು ಇಳಿಸಿದ ಕೊಕ್ಕೆಗೆ ಸಿಕ್ಕಿಸಿ, ಮೆಲ್ಲಗೆ ಎಳೆಸಿದರು. ಕುಣಿಕೆ ಕಾಂಡವನ್ನು ಬಿಗಿಯಾಗಿ ಅಪ್ಪಿತು.

"ಅಕ್ಕ, ಇನ್ನಾರೂ ಏಳ್," ಎಂದ ತಮ್ಮ. "ಇಲ್ದಿದ್ರೆ ನಿನ್ನನ್ನೂ ಸೇರ್ಸಿ ಎತ್ತತ್ತ್."

ಕುರ್ಚಿ ಎತ್ತಿಕೊಂಡು ಹೋಗಿ ದೂರದಲ್ಲಿ ಹಾಕಿದೆ. ಕಡಿದ ಮೇಲೆ ಓಲಾಡದಂತೆ ಬುಡಕ್ಕೆ ಒಂದು ಹಗ್ಗ ಕಟ್ಟಿ, ಅದರ ತುದಿಯನ್ನು ತಾನೇ ಒಂದು ಕೈಯಲ್ಲಿ ಹಿಡಿದು, ತಮ್ಮ ಡ್ರೈವರಿಗೆ ಕಾಣುವ ಹಾಗೆ ಅಂಗಳದ ನಡುವೆ ನಿಂತ. ಗರಗಸ ಬುಡ ಕತ್ತರಿಸಿತು. ತಮ್ಮ ಇನ್ನೊಂದು ಕೈಯಿಂದ ಸನ್ನೆ ಮಾಡಿದ. ಮೇಲೆ, ಇನ್ನೂ ಮೇಲೆ, ನಿಲ್ಲು, ಎಡಕ್ಕೆ. ಮರ ನೆಲ ಬಿಟ್ಟು ನೆಟ್ಟಗೆ ನಿಂತು, ಹಟ್ಟಿಯ ಹೆಂಚುಗಳ ಮೇಲೆ ಗರಿಗಳ ನೆರಳನ್ನು ಎಳೆದುಕೊಂಡು, ಒಂದು ಹೆಂಚನ್ನೂ ಮುಟ್ಟದೆ ದಾಟಿ, ಗದ್ದೆಯಲ್ಲಿ ಮಲಗಿತು. ಹೊರಗೆ ಕಟ್ಟಿದ್ದ ಹಸುಗಳಲ್ಲಿ ಒಂದು ಮಾತ್ರ ತಲೆ ಎತ್ತಿ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು.

ತಮ್ಮ ಹೋಗಿ ಮಲಗಿದ ಮರದ ಸುಳಿಯನ್ನು ಮುಟ್ಟಿದ. ಕೆಲಸ ಮುಗಿದ ಮೇಲೆ ಅವನು ಯಾವಾಗಲೂ ಮಾಡುವುದು ಅದು. ಆಮೇಲೆ ಗದ್ದೆಯ ಬದುವಿನ ಮೇಲೆ ಕೂತು ಹೆಂಡತಿಯನ್ನು ಕರೆದ.

"ಊಟ ಎಂತ?"

"ಮೀನ್ ಸಾರ್. ದೋಟಿ ಹಿಡಿವವರಿಗೆ ಎರಡ್ ತುಂಡ್ ಹೆಚ್ಚ್."

"ಹಾಂಗಾರೆ ನಿಂಗೂ ಹೆಚ್ಚಾ?"

"ನಾನ್ ಮೊದ್ಲೇ ತೆಗ್ದಿಟ್ಟಿದ್ದೆ."

ಆ ಮಳೆಗಾಲ ಪೂರ್ತಿ ಲಾರಿ ಒಂದು ಕಡೆ ನಿಂತದ್ದು ಕಡಿಮೆ. ದೊಡ್ಡ ಮಾವು ಹಲಸುಗಳಿಗೆ ಕೊಂಬೆಯ ಕವಲಿಗೆ ಹೇಗೆ ಬೆಲ್ಟು ಹಾಯಿಸುವುದು, ಎಲ್ಲಿ ನಿಂತು ದೂಡುವುದು ಎಂದು ತಮ್ಮ ಬಗೆಬಗೆಯ ಉಪಾಯ ಮಾಡಿದ. ಹೀಗೆ ಆಗದ ಮರಗಳೂ ಇದ್ದವು. ಅಂಥದ್ದಕ್ಕೆ ಬೇರೆಯವರನ್ನು ಕರೆಯಿರಿ ಎಂದು ಹೇಳಿ ಬಂದ. ಹೇಳುವಾಗ ಮುಖ ಸಣ್ಣದಾಗುತ್ತಿತ್ತು ಎಂದು ಡ್ರೈವರು ನನಗೆ ವರದಿ ಕೊಡುತ್ತಿದ್ದ. ಆದರೆ ಹೇಳಿ ಬಂದ. ತನ್ನದೇ ಒಂದು ಕಪ್ಪು ದೋಟಿ ತೆಗೆದುಕೊಂಡು ಬಂದ ದಿನ ಮಾತ್ರ ನನ್ನ ಜಗಲಿಯ ಎದುರು ಬಂದು ನಿಂತ.

"ಅಕ್ಕ, ಆ ತಳೆ ಕೊಡ್."

ನಾನು ಅವನ ಕಾಲು ನೋಡಿದೆ.

"ಹತ್ತುಕಲ್ಲ ಮಾರಾಯ್ತಿ. ದೋಟಿ ಲಾರಿ ಬದಿಗೆ ಕಟ್ಟುಕೆ. ಹೊಸ ಹಗ್ಗ ಜಾರತ್ತ್, ಅದಾರೆ ಹಿಡ್ಕಂತ್ತ್."

ಕಪಾಟಿನ ಬೀಗ ತೆಗೆದು, ಸೀರೆಗಳ ಹಿಂದಿನಿಂದ ಅದನ್ನು ಹುಡುಕಿ ಕೊಟ್ಟೆ. ಅವನು ಅದನ್ನು ಒಮ್ಮೆ ಮೂಸಿ ನೋಡಿ, "ನಿನ್ನ ಸೀರಿ ವಾಸ್ನಿ ಹಿಡ್ದಿತ್," ಎಂದು ಗೊಣಗಿ, ಲಾರಿಯ ಬದಿಯ ಕೊಂಡಿಗೆ ಎರಡು ಸುತ್ತು ಹಾಕಿ ದೋಟಿಯನ್ನು ಬಿಗಿದ.

ಬೆಳಿಗ್ಗೆ ದೇವರಿಗೆ ಹೂ ಕೊಯ್ಯಲು ಹೋಗುವಾಗ ಲಾರಿಯ ಆ ಬದಿಯಿಂದಲೇ ಹೋಗುತ್ತೇನೆ. ದಾಸವಾಳದ ಗಿಡ ಇರುವುದು ಇನ್ನೊಂದು ಬದಿಗೆ. ತಳೆ ಅಲ್ಲೇ ಇರುತ್ತದೆ, ಅದೇ ಎರಡು ಸುತ್ತು. ಕೆಲವು ದಿನ ಹಿಂದಿನ ಮನೆಯ ಕಿಟಕಿಯಿಂದ ತಮ್ಮನ ಧ್ವನಿ ಕೇಳುತ್ತದೆ.

"ಇತ್ತಾ ಅಕ್ಕ?"

"ಇತ್ತ್," ಎನ್ನುತ್ತೇನೆ.